ತಾಳಿ ಕಟ್ಟುವ ಹೊತ್ತಿಗೆ ನಾನು ಅತ್ತ ತಿರುಗಿದ್ದೆ

ಮಸ್ಕತ್ತಿನ ಒಂದು ಇಂಗ್ಲಿಷ್ ದಿನಪತ್ರಿಕೆಗೆ ನಾನು ಫೋಟೊಗ್ರಾಫರ್ ಆಗಿ ಸೇರಿ ಹದಿನಾಲ್ಕು ವರ್ಷವಾಯಿತು. ಅಲ್ಲಿ ರಾಯಭಾರಿಗಳನ್ನು, ಫುಟ್‌ಬಾಲ್ ಆಟಗಾರರನ್ನು, ಮೀನುಗಾರರನ್ನು, ಲೆಕ್ಕವಿಲ್ಲದಷ್ಟು ಒಂಟೆಗಳನ್ನು ಕ್ಯಾಮೆರಾದಲ್ಲಿ ಹಿಡಿದಿದ್ದೇನೆ. ಎರಡು ಸಲ ಬಹುಮಾನವೂ ಬಂದಿದೆ. ಆದರೆ ದಾವಣಗೆರೆ, ಹರಿಹರದ ನಮ್ಮ ಬಂಧುಬಳಗದಲ್ಲಿ ನನ್ನ ಹೆಸರು ಉಳಿದಿರುವುದು ಬೇರೆಯದೇ ಕಾರಣಕ್ಕೆ. ಸ್ವಂತ ಅಕ್ಕನ ಮಗಳ ಮದುವೆಯಲ್ಲಿ ತಾಳಿ ಕಟ್ಟುವ ಫೋಟೊ ತೆಗೆಯದೇ ಬಿಟ್ಟವನು ನಾನು. ಈಗಲೂ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ಪಕ್ಕದವರಿಗೆ ನನ್ನನ್ನು ತೋರಿಸಿ, “ಇವ್ರೇ ನೋಡ್ರಿ ಅವ್ರು” ಅನ್ನುತ್ತಾರೆ. ಪಕ್ಕದವರು ನಗು ತಡೆಯಲಾರದೆ ನೀರಿನ ಲೋಟ ಎತ್ತಿಕೊಳ್ಳುತ್ತಾರೆ.

ಅದು ಹೇಗಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನಮ್ಮದು ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ ಮನೆತನ. ಅಂಗಡಿಗೆ ತಮ್ಮ ಕೂತ. ನಾನು ಡಿಗ್ರಿ ಮುಗಿಸಿದವನೇ ಕೆ.ಬಿ. ಬಡಾವಣೆಯ ಒಂದು ಸ್ಟುಡಿಯೋಕ್ಕೆ ಕೆಲಸ ಕಲಿಯಲು ಹೋದೆ. ಎರಡು ವರ್ಷ ಜನರನ್ನು ಸ್ಟೂಲಿನ ಮೇಲೆ ಕೂರಿಸಿ “ಗದ್ದ ಸ್ವಲ್ಪ ಕೆಳಗ್ರಿ, ಕಣ್ಣು ಮಿಟುಕಿಸಬ್ಯಾಡ್ರಿ” ಎಂದು ಹೇಳುವುದೇ ಕೆಲಸ. ಆಮೇಲೆ ಊರಿನ ಒಂದು ಸಣ್ಣ ಪತ್ರಿಕೆಗೆ ಸೇರಿದೆ. ಅಲ್ಲಿ ನನಗೆ ಕೊಡುತ್ತಿದ್ದದ್ದೆಲ್ಲ ಉದ್ಘಾಟನೆ, ಸನ್ಮಾನ, ರಕ್ತದಾನ ಶಿಬಿರ. ನಮ್ಮೂರಿನ ಯಾವ ಕಾರ್ಯಕ್ರಮದಲ್ಲಾದರೂ ದೀಪ ಹಚ್ಚುವ ಕೈ ಒಂದಾದರೆ ಆ ಕೈಯನ್ನು ಮುಟ್ಟಿಕೊಂಡ ಕೈಗಳು ಹತ್ತು ಇರುತ್ತವೆ. “ಹನ್ನೊಂದೂ ಮುಖ ಬರ್ಬೇಕು” ಎನ್ನುತ್ತಿದ್ದರು ಸಂಪಾದಕರು. “ಒಬ್ಬನ್ನ ಬಿಟ್ರೂ ಅವನು ನಾಳಿಂದ ಪೇಪರ್ ತರಿಸೋದು ಬಿಡ್ತಾನೆ.”

ಒಂದು ಮಳೆಗಾಲ ಹರಿಹರದಲ್ಲಿ ಹೊಳೆ ಉಕ್ಕಿ ದಡದ ಓಣಿಗಳಿಗೆ ನೀರು ನುಗ್ಗಿತು. ನೋಡಲು ಮಂತ್ರಿಗಳು ಬರುತ್ತಾರೆ, ಹೋಗಿ ಬಾ ಎಂದು ನನ್ನನ್ನು ಕಳಿಸಿದರು. ನಾನು ಬಸ್ಸಿಳಿದು ಓಡಿಹೋಗುವಷ್ಟರಲ್ಲಿ ಮಂತ್ರಿಗಳ ಸುತ್ತ ಕ್ಯಾಮೆರಾದವರು ಗೋಡೆ ಕಟ್ಟಿದಂತೆ ನಿಂತಿದ್ದರು. ಅತ್ತ ನುಗ್ಗಿದೆ, ಇತ್ತ ನುಗ್ಗಿದೆ, ಮಂತ್ರಿಗಳ ಟೋಪಿಯ ತುದಿಯೂ ಕಾಣಲಿಲ್ಲ. ಬೇಸತ್ತು ತಿರುಗಿ ನಿಂತೆ. ಆಗ ಕಂಡಿತು. ಮೊಣಕಾಲುದ್ದ ನೀರಿನ ಓಣಿಯಲ್ಲಿ ಒಬ್ಬ ಮದುಮಗ ಬರುತ್ತಿದ್ದ. ತಲೆಗೆ ಬಾಸಿಂಗ, ಪಂಚೆ ಎತ್ತಿ ಕಟ್ಟಿದ್ದಾನೆ, ಬೆನ್ನ ಮೇಲೆ ಅವನ ಅಜ್ಜಿ. ಅಜ್ಜಿಯ ಎರಡು ಕೈಯಲ್ಲಿ ಅವನ ಹೊಸ ಬೂಟುಗಳು, ನೆನೆಯಬಾರದೆಂದು ಆಕಾಶದತ್ತ ಎತ್ತಿ ಹಿಡಿದಿದ್ದಾಳೆ. ಅಜ್ಜಿಯ ಮುಖದಲ್ಲಿ ಮೆರವಣಿಗೆ ಹೊರಟವಳ ಗತ್ತು. ನಾನು ನಾಲ್ಕೈದು ಫೋಟೊ ತೆಗೆದೆ.

ಆಫೀಸಿನಲ್ಲಿ ಸಂಪಾದಕರು ಕೇಳಿದರು: “ಮಂತ್ರಿ ಎಲ್ಲಯ್ಯಾ?”

“ಹಿಂದೆ ಇದ್ರು ಸಾರ್.”

“ಯಾರ ಹಿಂದೆ?”

“ನನ್ನ ಹಿಂದೆ.”

ಅವರು ಸಿಟ್ಟಿನಲ್ಲಿ ಆಡಿದ ಮಾತು ಇಲ್ಲಿ ಬೇಡ. ಬೇರೆ ಚಿತ್ರವೇ ಇಲ್ಲದ್ದರಿಂದ ಅಜ್ಜಿಯನ್ನೇ ಮುಖಪುಟಕ್ಕೆ ಹಾಕಬೇಕಾಯಿತು. ಮಾರನೆಯ ದಿನ ಒಂದು ಸುದ್ದಿಸಂಸ್ಥೆಯವರು ಆ ಫೋಟೊ ಕೇಳಿ ಪಡೆದರು. ಅದು ಎಲ್ಲೆಲ್ಲೋ ಅಚ್ಚಾಯಿತು. ಮುಂದಿನ ವರ್ಷ ಮಸ್ಕತ್ತಿನಲ್ಲಿ ಒಂದು ಕೆಲಸ ಖಾಲಿ ಇದೆಯೆಂದು ತಿಳಿದಾಗ ಅರ್ಜಿಯ ಜೊತೆ ಅಜ್ಜಿಯನ್ನೇ ಕಳಿಸಿದೆ. ಅಜ್ಜಿ ಕೆಲಸ ಕೊಡಿಸಿದಳು.

ಅಲ್ಲಿ ನನ್ನ ಮೇಲಧಿಕಾರಿ ಶ್ರೀಲಂಕಾದ ಒಬ್ಬ ಹೆಂಗಸು. ಆಳು ಕುಳ್ಳಗೆ, ದನಿ ಎತ್ತರ. ಮೊದಲ ದಿನವೇ ಎರಡು ಮಾತು ಹೇಳಿದರು. ಒಂದು, ಇಲ್ಲಿ ಯಾರದೇ ಫೋಟೊ ಕೇಳದೆ ತೆಗೆಯಬೇಡ, ತೆಗೆದರೆ ಕೇಳದೆ ಹಾಕಬೇಡ. ಎರಡು, ಏನಾದರೂ ದೊಡ್ಡದು ನಡೆಯುವಾಗ ಎಲ್ಲರೂ ಅದನ್ನೇ ತೆಗೆಯುತ್ತಾರೆ, ನೀನು ತಿರುಗಿ ನಿಂತು ನೋಡುವವರನ್ನು ತೆಗೆ. ಎರಡನೆಯದನ್ನು ನಾನು ಹರಿಹರದಲ್ಲೇ ಕಲಿತು ಬಂದಿದ್ದೆ, ಗೊತ್ತಿಲ್ಲದೆ. ಮೊದಲನೆಯದಕ್ಕೆ ಒಗ್ಗಿಕೊಳ್ಳಲು ವರ್ಷ ಹಿಡಿಯಿತು. ನಮ್ಮೂರಲ್ಲಿ ಕ್ಯಾಮೆರಾ ಕಂಡರೆ ಜನ ಮುಂದೆ ಬರುತ್ತಾರೆ, ಅಲ್ಲಿ ನಯವಾಗಿ ಪಕ್ಕಕ್ಕೆ ಸರಿಯುತ್ತಾರೆ. ಒಬ್ಬ ಮುದುಕ ತನ್ನ ಮೇಕೆಯ ಫೋಟೊ ತೆಗೆಯಲು ಒಪ್ಪಿದ, ತನ್ನದಕ್ಕೆ ಒಪ್ಪಲಿಲ್ಲ. ಮೇಕೆಯದಾದರೂ ಎಡಗಡೆಯಿಂದ ಮಾತ್ರ. ಬಲಗಡೆಯ ಕೊಂಬು ಮುರಿದಿತ್ತು.

ಒಂಟೆ ಓಟದ ದಿನ ಎಲ್ಲರೂ ಗೆಲ್ಲುವ ಒಂಟೆಯತ್ತ ಲೆನ್ಸ್ ಹಿಡಿದರೆ ನಾನು ಅದಕ್ಕೆ ಬೆನ್ನು ಹಾಕಿ, ಅದರ ಯಜಮಾನ ಗಡ್ಡ ಹಿಡಿದುಕೊಂಡು ತುದಿಗಾಲಿನ ಮೇಲೆ ನಿಂತಿದ್ದನ್ನು ತೆಗೆದೆ. ಮೊದಲ ಬಹುಮಾನ ಬಂದದ್ದು ಅದಕ್ಕೆ. ಅದೇ ದಿನ ಸೋತ ಒಂಟೆಯೊಂದು ಬಂದು ನನ್ನ ಕ್ಯಾಮೆರಾದ ಪಟ್ಟಿ ಅಗಿಯತೊಡಗಿತು. “ಏ, ಬಿಡ್ತೀಯೋ ಇಲ್ಲೋ, ನಿನ್ ಬಾಯಾಗೆ ಮಣ್ ಹಾಕ!” ಎಂದು ಕೂಗಿದೆ. ಹಿಂದಿನಿಂದ ಒಂದು ದನಿ: “ಯಾವೂರಾತ್ರಿ ತಮ್ದು?” ತಿರುಗಿದರೆ ನೀರಿನ ಟ್ಯಾಂಕರಿನ ಡ್ರೈವರ್. ದಾವಣಗೆರೆ ಪಕ್ಕದ ಲೋಕಿಕೆರೆಯವನು. ಮರಳುಗಾಡಿನ ನಡುವೆ, ಒಂಟೆಗೆ ಬೈದದ್ದಕ್ಕೆ ಊರಿನವನೊಬ್ಬ ಸಿಕ್ಕ. ಇಬ್ಬರೂ ಕೂತು ಊರಿನ ಮಿರ್ಚಿ ಮಂಡಕ್ಕಿಯ ಬಗ್ಗೆ ಒಂದು ಗಂಟೆ ಮಾತಾಡಿದೆವು. ನನ್ನ ಬಹುಮಾನದ ಸುದ್ದಿಗಿಂತ ಆ ಕತೆಯೇ ನಮ್ಮ ಮನೆಯಲ್ಲಿ ಹೆಚ್ಚು ಓಡಿತು.

ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದೆ. ಅವ್ವ ನನ್ನ ಉದ್ದನೆಯ ಲೆನ್ಸನ್ನು ಪ್ರತಿ ಸಲವೂ ಹೊಸದಾಗಿ ನೋಡುವಳು.

“ಒಂಟೆ ತೆಗ್ಯಾಕೆ ಇಷ್ಟು ದೊಡ್ಡದು ಯಾಕ ಬೇಕೋ? ಅದೇನು ಓಡಿಹೋಗ್ತೈತಾ?”

“ಓಡಿಹೋಗ್ತೈತವ್ವ. ಅದು ಓಡೋ ಪಂದ್ಯ.”

“ಅದ್ಕೂ ಇವನಂಗೇ ಒಂದ್ಕಡೆ ನಿಲ್ಲೋ ಬುದ್ಧಿ ಇಲ್ಲ” ಎಂದು ತಮ್ಮನ ಕಡೆ ನೋಡಿ ಹೇಳುವಳು.

ಮೂರು ವರ್ಷದ ಹಿಂದೆ ಅಕ್ಕನ ಮಗಳ ಮದುವೆ ಗೊತ್ತಾಯಿತು. ಅಕ್ಕನ ಮನೆ ಹರಿಹರದಲ್ಲಿ. ಬಾವನದು ಹಾರ್ಡ್‌ವೇರ್ ಅಂಗಡಿ: ಪೈಪು, ಮೊಳೆ, ಬಣ್ಣ. ಬಾವ ಮಾತಿಗೆ ಬಹಳ ಹಿಂದೆ. ನನಗೆ ತಿಳಿವಳಿಕೆ ಬಂದಾಗಿನಿಂದ ಅವರು ಅತ್ತದ್ದು ಇರಲಿ, ಗಟ್ಟಿಯಾಗಿ ಸೀನಿದ್ದನ್ನೂ ನಾನು ಕೇಳಿಲ್ಲ. ಒಬ್ಬಳೇ ಮಗಳು. ಹುಡುಗ ರಾಣೆಬೆನ್ನೂರಿನವನು, ಬೀಜ ಗೊಬ್ಬರದ ವ್ಯಾಪಾರದ ಮನೆ. ನಾನು ಒಂದು ತಿಂಗಳ ರಜೆ ಹಾಕಿ ಬಂದೆ. ಸೋದರಮಾವ ಅಂದಮೇಲೆ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವ ಹೊಣೆ ನನ್ನದು. ಅದಕ್ಕೆಂದು ರೇಷ್ಮೆ ಅಂಗಿ ಹೊಲಿಸಿಕೊಂಡಿದ್ದೆ. ಕ್ಯಾಮೆರಾ ಮುಟ್ಟುವ ವಿಚಾರವೇ ಇರಲಿಲ್ಲ. ಅಕ್ಕ ದಾವಣಗೆರೆಯ ಒಳ್ಳೆಯ ಫೋಟೊಗ್ರಾಫರನ್ನು ಆರು ತಿಂಗಳ ಮೊದಲೇ ಗೊತ್ತುಮಾಡಿದ್ದಳು. ಅವನು ಫೋಟೊ, ಅವನ ಅಣ್ಣ ವಿಡಿಯೊ.

ಹಿಂದಿನ ದಿನ ಮಧ್ಯಾಹ್ನ, ಹುಡುಗಿಗೆ ಅರಿಶಿನ ಹಚ್ಚುತ್ತಿದ್ದಾಗ ಅವನ ಫೋನು ಬಂತು. ಅಕ್ಕ ಅರಿಶಿನದ ಕೈಯಲ್ಲೇ ಫೋನು ಹಿಡಿದಳು.

“ಅಕ್ಕಾರೆ, ತಪ್ಪು ತಿಳ್ಕಬ್ಯಾಡ್ರಿ. ಅಮ್ಮ ಬಂದಾಳೆ.”

“ಬರ್ಲಿ ಬಿಡಪ್ಪ, ಅಮ್ಮನ್ನೂ ಕರ್ಕೊಂಬಾ, ಊಟಕ್ಕೇನು ಕಡಿಮಿ?”

“ಆ ಅಮ್ಮ ಅಲ್ರಿ. ಮೈಮ್ಯಾಲೆ ಗುಳ್ಳೆ ಎದ್ದಾವೆ. ನಮ್ಮಣ್ಣಂಗೂ.”

ಅಕ್ಕ ಹಾಗೇ ಕೂತುಬಿಟ್ಟಳು. ತಮ್ಮ ದಾವಣಗೆರೆಯ ಎಂಟು ಸ್ಟುಡಿಯೋಗಳಿಗೆ ಫೋನು ಮಾಡಿದ. ಮರುದಿನದ ಮುಹೂರ್ತ ಎಷ್ಟು ಒಳ್ಳೆಯದೆಂದರೆ ಎಂಟು ಜನವೂ ಎಂಟು ಮದುವೆಗೆ ಹೊರಟಿದ್ದರು. ಆಗ ಇಡೀ ಮನೆ ನಿಧಾನವಾಗಿ ನನ್ನ ಕಡೆ ತಿರುಗಿತು.

“ನೀನ್ ಇದೀಯಲ್ಲೋ!” ಎಂದಳು ಅಕ್ಕ.

“ಅಕ್ಕಾ, ಮದುವೆ ಫೋಟೊ ಬೇರೆ, ನನ್ನ ಕೆಲ್ಸ ಬೇರೆ.”

“ಏನ್ ಬೇರೆ?” ಎಂದಳು ಅವ್ವ. “ಒಂಟೆ ತೆಗ್ಯೋನಿಗೆ ಮದುಮಕ್ಳನ್ನ ತೆಗ್ಯಾಕಾಗಲ್ಲೇನು? ಇವ್ರು ಓಡೋದೂ ಇಲ್ಲ.”

ಬಾವ ಬಾಗಿಲಲ್ಲಿ ನಿಂತಿದ್ದರು. “ಅವ್ನೇ ತೆಗೀಲಿ” ಎಂದು ಒಂದೇ ಮಾತು ಹೇಳಿ ಅಡುಗೆಯವರ ಕಡೆ ಹೋದರು. ಅಲ್ಲಿಗೆ ತೀರ್ಮಾನವಾಯಿತು.

ಬೆಳಿಗ್ಗೆ ಕಲ್ಯಾಣ ಮಂಟಪಕ್ಕೆ ಹೋದವನು ಮೊದಮೊದಲು ಬಹಳ ಶ್ರದ್ಧೆಯಿಂದ, ಸ್ಟುಡಿಯೋದವನಂತೆಯೇ ತೆಗೆದೆ. ಹುಡುಗಿಯ ಮೆಹಂದಿ ಕೈ, ಬೀಗರ ಸಾಲು, ಎಲ್ಲರೂ ನೇರ ನೋಡುತ್ತ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹಳೆಯ ಚಾಳಿ ತಲೆ ಎತ್ತಿತು. ಮದುವೆ ಮಾಡಿಸುವ ಅಯ್ನೋರು ಮೈಕು ಕೆಲಸ ಮಾಡುತ್ತದೋ ಇಲ್ಲವೋ ಎಂದು ಊದಿ ಊದಿ ನೋಡುತ್ತಿದ್ದರು, ತೆಗೆದೆ. ಮದುಮಗ ಪೇಟ ಬಿಗಿಯಾಯಿತೆಂದು ಗೆಳೆಯನಿಗೆ ಕಣ್ಣಲ್ಲೇ ಹೇಳುತ್ತಿದ್ದ, ತೆಗೆದೆ. ಬೀಗರ ಕಡೆಯ ಹಿರಿಯರೊಬ್ಬರು ಚಪ್ಪಲಿ ಹುಡುಕುತ್ತ ಬೇರೆಯವರದನ್ನು ಒಂದೊಂದಾಗಿ ಮೆಟ್ಟಿ ನೋಡುತ್ತಿದ್ದರು, ಅದನ್ನಂತೂ ಆರು ತೆಗೆದೆ. ನಡುವೆ ಕ್ಯಾಮೆರಾವನ್ನು ತಮ್ಮನ ಕೈಗೆ ಕೊಟ್ಟು ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತಂದೆ. ಅವಳ ಕೈ ತಣ್ಣಗಿತ್ತು. “ಮಾವ, ಮೂಗು ಕೆರೀತೈತೆ, ಏನ್ ಮಾಡ್ಲಿ?” ಎಂದು ಪಿಸುಗುಟ್ಟಿದಳು. ನನ್ನ ಶಲ್ಯದ ತುದಿ ಕೊಟ್ಟೆ.

ಅವಳನ್ನು ಕೂರಿಸಿ ಕ್ಯಾಮೆರಾ ವಾಪಸು ತೆಗೆದುಕೊಂಡು ಮಂಟಪದ ಅಂಚಿಗೆ, ಎಲ್ಲರಿಗಿಂತ ಮುಂದೆ ನಿಂತೆ. ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ತಾಳಿ ಇದ್ದ ತಟ್ಟೆ ಎಲ್ಲರ ಕೈ ಮುಟ್ಟಿ ಬಂತು. ಅಯ್ನೋರು ಕೈ ಎತ್ತಿದರು. “ಗಟ್ಟಿಮೇಳ!”

ಡೋಲು, ಶಹನಾಯಿ ಒಮ್ಮೆಲೇ ಸಿಡಿದವು. ಕುರ್ಚಿಗಳೆಲ್ಲ ಸರಿದ ಸದ್ದು. ಆ ಕ್ಷಣ ನನ್ನ ತಲೆ ಏನನ್ನೂ ಹೇಳಲಿಲ್ಲ. ಮೈ ತಾನಾಗಿ ತಿರುಗಿತು. ಅಷ್ಟರಲ್ಲಾಗಲೇ ಹನ್ನೊಂದು ವರ್ಷ ಅದನ್ನೇ ಮಾಡಿದ ಮೈ ಅದು.

ಏನು ಕಂಡಿತೆಂದು ಹೇಗೆ ಹೇಳಲಿ! ಇಡೀ ಸಭಾಂಗಣ ಎದ್ದು ನಿಂತು ಕೈ ಎತ್ತಿದೆ. ಗಾಳಿಯಲ್ಲಿ ಅಕ್ಷತೆ, ಕಿಟಕಿಯ ಬಿಸಿಲಿಗೆ ಒಂದೊಂದು ಕಾಳೂ ಹೊಳೆಯುತ್ತಿದೆ. ಸಣ್ಣತ್ತೆ ಅಕ್ಷತೆಯನ್ನು ಮದುಮಕ್ಕಳಿಗೆ ಎಸೆಯದೆ, ಮಾತು ಬಿಟ್ಟ ತನ್ನ ವಾರಗಿತ್ತಿಯ ತಲೆಗೆ ಗುರಿಯಿಟ್ಟು ಎಸೆಯುತ್ತಿದ್ದಾಳೆ. ಅವ್ವ ಕಣ್ಣು ಮುಚ್ಚಿಕೊಂಡಿದ್ದಾಳೆ. ಅಕ್ಕ ಬಾಯಿ ತೆರೆದು ನಿಂತಿದ್ದಾಳೆ. ಕಂಬದ ಪಕ್ಕದಲ್ಲಿ ಬಾವ. ಅವರು ಮಂಟಪದ ಕಡೆ ನೋಡುತ್ತಿರಲಿಲ್ಲ. ಎಸೆಯಬೇಕಾದ ಅಕ್ಷತೆ ಅವರ ಅಂಗೈಯಲ್ಲೇ ಉಳಿದಿತ್ತು. ಆ ಹಳದಿ ಕಾಳುಗಳನ್ನೇ ನೋಡುತ್ತಿದ್ದರು. ಗದ್ದ ನಡುಗುತ್ತಿತ್ತು, ಮೂಗಿನ ಪಕ್ಕದಲ್ಲಿ ನೀರು ಇಳಿದಿತ್ತು. ಒತ್ತಿದೆ, ಒತ್ತಿದೆ, ಒತ್ತಿದೆ.

ಮತ್ತೆ ಮಂಟಪದ ಕಡೆ ತಿರುಗಿದಾಗ ಮದುಮಗ ಬೆವರು ಒರೆಸಿಕೊಳ್ಳುತ್ತಿದ್ದ. ಹುಡುಗಿಯ ಕೊರಳಲ್ಲಿ ತಾಳಿ ಇತ್ತು.

ನಿಜ ಹೇಳುತ್ತೇನೆ, ಆಗಲೂ ನನಗೆ ಏನೋ ತಪ್ಪಾಗಿದೆ ಅನ್ನಿಸಲಿಲ್ಲ. ಬಹಳ ಖುಷಿಯಲ್ಲಿದ್ದೆ. ಊಟದ ನಂತರ ಅಕ್ಕ ಬೀಗಿತಿಯನ್ನೂ ಜೊತೆಗೆ ಕರೆದುಕೊಂಡು ಬಂದು ಪಕ್ಕದಲ್ಲಿ ಕೂತಳು.

“ತಾಳಿ ಕಟ್ಟೋದು ತೋರ್ಸೋ, ಇವ್ರಿಗೆ.”

ನಾನು ಕ್ಯಾಮೆರಾದ ಗುಂಡಿ ಒತ್ತುತ್ತ ಹೋದೆ.

“ಇದು ಯಾರು? ಸಣ್ಣತ್ತೆ. ಇದು? ಡೋಲಿನೋನು. ಮುಂದಕ್ಕೆ ಹೋಗು. ಇದು ಅವ್ವ. ಇನ್ನೂ ಮುಂದಕ್ಕೆ… ಇದ್ರಾಗೆ ಆಗ್ಲೇ ಕಟ್ಟಿ ಆಗೈತೆ. ಹಿಂದಕ್ಕೆ ಬಾ. ತಾಳಿ ಎಲ್ಲೋ?” ಎಂದಳು ಅಕ್ಕ.

“ಹಿಂದೆ ಇತ್ತಕ್ಕ.”

“ಯಾರ ಹಿಂದೆ?”

“ನನ್ನ ಹಿಂದೆ.”

ಅಕ್ಕ ನನ್ನನ್ನು ನೋಡಿದ ನೋಟ ಹೇಳಲಾರೆ. ಬೀಗಿತಿ ಬಹಳ ಮರ್ಯಾದಸ್ಥೆ. ಮೆಲ್ಲಗೆ, “ನಿಮ್ ತಮ್ಮಾರು ಫಾರಿನ್ನಿನಾಗೆ ದೊಡ್ಡ ಪೇಪರಿನಾಗದಾರೆ ಅಂದಿದ್ರಲ್ರಿ?” ಎಂದು ಕೇಳಿದರು. ಅಕ್ಕ ಹಲ್ಲು ಕಚ್ಚಿ, “ಅದಾನ್ರಿ, ಒಂಟೆ ವಿಭಾಗ” ಎಂದಳು.

ಆಮೇಲೆ ಮೊಬೈಲುಗಳ ತಪಾಸಣೆ ಶುರುವಾಯಿತು. ಇಷ್ಟು ಜನ ಮೊಬೈಲ್ ಎತ್ತಿದ್ದರಲ್ಲ, ಯಾರಲ್ಲಾದರೂ ಇದ್ದೇ ಇರುತ್ತದೆ ಎಂದು ತಮ್ಮ ಧೈರ್ಯ ಹೇಳಿದ. ಎಲ್ಲರ ಮೊಬೈಲಿನಲ್ಲೂ ಮುಂದಿನವರ ಮೊಬೈಲು ಇತ್ತು. ಅತಿ ಮುಂದೆ ನಿಂತವರ ಮೊಬೈಲಿನಲ್ಲಿ ನನ್ನ ಮುಖ, ಒಂದು ಕಣ್ಣು ಮುಚ್ಚಿಕೊಂಡು, ಮಂಟಪವನ್ನು ಪೂರ್ತಿ ಮರೆಮಾಡಿ! ದೊಡ್ಡಪ್ಪನ ಮಗನೊಬ್ಬ ಪೂರ್ತಿ ವಿಡಿಯೊ ಮಾಡಿದ್ದೇನೆಂದು ಹೆಮ್ಮೆಯಿಂದ ತಂದ. ಅದರಲ್ಲಿ ಗಟ್ಟಿಮೇಳ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕಾಣುತ್ತಿದ್ದದ್ದು ಅವನ ಹೆಬ್ಬೆರಳು.

ನಕ್ಕವಳು ಮದುಮಗಳು ಒಬ್ಬಳೇ. ಬಿದ್ದು ಬಿದ್ದು ನಕ್ಕಳು. ಆ ನಗುವೂ ಒಂದು ಫೋಟೊ ಆಗುತ್ತಿತ್ತು. ಆದರೆ ಕ್ಯಾಮೆರಾವನ್ನು ಅಕ್ಕ ಕಿತ್ತುಕೊಂಡು ಅಕ್ಕಿ ಚೀಲಗಳ ಕೋಣೆಯಲ್ಲಿ ಇಟ್ಟುಬಿಟ್ಟಿದ್ದಳು.

ಹದಿನೈದು ದಿನ ಅಕ್ಕ ನನ್ನೊಡನೆ ಮಾತಾಡಲಿಲ್ಲ. ನನ್ನ ರಜೆಯ ಕೊನೆಯ ವಾರ ಫೋಟೊಗ್ರಾಫರ್ ಗುಣವಾದನೆಂದು ಸುದ್ದಿ ಬಂತು. ಅಕ್ಕ ಆಗಲೇ ನಿರ್ಧಾರ ಮಾಡಿಯಾಗಿತ್ತು: ತಾಳಿ ಕಟ್ಟುವುದನ್ನು ಇನ್ನೊಮ್ಮೆ ಮಾಡಿಸಿ ಫೋಟೊ ತೆಗೆಸುವುದು. ಕಟ್ಟಿದ ತಾಳಿ ಬಿಚ್ಚಕೂಡದು ಎಂದು ಅವ್ವ ಹಟ ಹಿಡಿದಳು. ಅಯ್ನೋರನ್ನು ಕೇಳಲು ಹೋದೆವು. ಅವರು ಎಲೆ ಅಡಿಕೆ ಹಾಕಿಕೊಂಡು ಸ್ವಲ್ಪ ಯೋಚಿಸಿ ಹೇಳಿದರು:

“ತಾಳಿ ಬಿಚ್ಚಬ್ಯಾಡ್ರಿ. ಅದು ಸೆರಗಿನೊಳಗೆ ಇರ್ಲಿ ಬಿಡ್ರಿ, ಮ್ಯಾಲೆ ಅರಿಶಿನದ ಕೊಂಬಿನ ದಾರ ಕಟ್ರಿ. ಮಂತ್ರ ಇಲ್ಲಾಂದ್ರೆ ಅದು ಮದ್ವಿ ಅಲ್ಲ, ನಾಟಕ. ನಾಟಕ ಎಷ್ಟು ಸಲ ಬೇಕಾದ್ರೂ ಆಡ್ರಿ.”

ಕಲ್ಯಾಣ ಮಂಟಪ ಖಾಲಿ ಇರಲಿಲ್ಲ. ಫೋಟೊಗ್ರಾಫರ್ ಕೊಂಡಜ್ಜಿ ಕೆರೆ ಆಗಬಹುದು ಎಂದ, ಹಿಂದೆ ನೀರು, ಗುಡ್ಡ, ಬೆಳಿಗ್ಗೆಯ ಬೆಳಕು. ಎರಡು ಕಾರಿನಲ್ಲಿ ಹೊರಟೆವು: ಮದುಮಕ್ಕಳು, ಅಕ್ಕ, ಬಾವ, ಅವ್ವ, ನಾನು, ಫೋಟೊಗ್ರಾಫರ್. ನನಗೆ ಕ್ಯಾಮೆರಾ ತರಲು ಅಪ್ಪಣೆ ಇರಲಿಲ್ಲ. ಬೆಳಕು ತಿರುಗಿಸುವ ಬೆಳ್ಳಿ ಬಣ್ಣದ ಹಾಳೆ ಹಿಡಿದು ನಿಲ್ಲುವುದು ನನ್ನ ಕೆಲಸ. ಫೋಟೊಗ್ರಾಫರನ ಮುಖದ ಮೇಲೆ ಇನ್ನೂ ಕಲೆಗಳಿದ್ದವು. ಪಾಪ, ಬಹಳ ಮರ್ಯಾದೆಯಿಂದ ನಡೆದುಕೊಂಡ. “ಸಾರ್, ಸ್ವಲ್ಪ ಕೆಳಗೆ. ಇನ್ನೂ ಸ್ವಲ್ಪ. ಹಾಂ. ಏನೇ ಆದ್ರೂ ನೀವು ಈ ಕಡಿಗೇ ನೋಡ್ತಿರ್ರಿ ಸಾರ್.”

ಮದುಮಗ ದಾರ ಹಿಡಿದ. ಅಕ್ಕ, ಬಾವ, ಅವ್ವ ಅಕ್ಷತೆ ಎಸೆದರು. ಫೋಟೊಗ್ರಾಫರ್ ಕ್ಯಾಮೆರಾದಲ್ಲಿ ತೋರಿಸಿದ. ಅಕ್ಕನ ಮುಖ ಸಣ್ಣದಾಯಿತು.

“ಜನಾನೇ ಇಲ್ಲ. ಓಡಿಬಂದು ಮದ್ವಿ ಮಾಡ್ಕೊಂಡಂಗೆ ಕಾಣ್ತೈತೆ.”

ಅಷ್ಟರಲ್ಲಿ ಪಕ್ಕದ ಸ್ಕೌಟ್ಸ್ ತರಬೇತಿ ಮೈದಾನದಿಂದ ಪೀಪಿಯ ಸದ್ದು ಕೇಳಿಸಿತು. ಗೈಡ್ಸ್ ಹುಡುಗಿಯರ ಶಿಬಿರ ನಡೆಯುತ್ತಿತ್ತು. ಅಕ್ಕ ಒಂದು ಗಳಿಗೆ ಅತ್ತ ನೋಡಿದಳು, ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಸ್ವಲ್ಪ ಹೊತ್ತಿಗೆ ಕೊರಳಲ್ಲಿ ಪೀಪಿ ಹಾಕಿಕೊಂಡ ಒಬ್ಬ ಟೀಚರೊಂದಿಗೆ ಬಂದಳು. ಟೀಚರ್ ಮದುಮಕ್ಕಳನ್ನು ಮೇಲಿಂದ ಕೆಳಗೆ ಪರೀಕ್ಷಿಸಿದರು.

“ಮದ್ವಿ ಈಗಾಗ್ಲೇ ಆಗೈತೆ ಅಂತೀರಿ. ಮತ್ತೆ ಯಾಕ ಮಾಡ್ತೀರಿ?”

ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಟೀಚರ್ ನನ್ನನ್ನು ಮರುಕದಿಂದ ನೋಡಿ ಹೇಳಿದರು: “ದಿನಕ್ಕೊಂದು ಒಳ್ಳೆ ಕೆಲ್ಸ ಮಾಡ್ಬೇಕು ಅಂತ ನಮ್ಮ ಮಕ್ಳಿಗೆ ನಿಯಮ ಐತೆ. ಇವತ್ತಿಂದು ಇದೇ ಆಗ್ಲಿ.”

ನೀಲಿ ಸಮವಸ್ತ್ರ, ಕೊರಳಿಗೆ ಸ್ಕಾರ್ಫ್, ಸುಮಾರು ನಲವತ್ತು ಹುಡುಗಿಯರು ಎತ್ತರದ ಪ್ರಕಾರ ಎರಡು ಸಾಲಾಗಿ ಮದುಮಕ್ಕಳ ಹಿಂದೆ ನಿಂತರು. ಒಬ್ಬೊಬ್ಬರ ಕೈಗೂ ಅಕ್ಷತೆ ಹಂಚಿದೆವು. ಗಟ್ಟಿಮೇಳಕ್ಕೆ ಬದಲು ಟೀಚರ್ ಪೀಪಿ ಊದುವುದೆಂದಾಯಿತು. ಮೊದಲನೆಯ ಪೀಪಿಗೆ ನಲವತ್ತು ಕೈಗಳೂ ಒಂದೇ ಏಟಿಗೆ ಎಸೆದ ಅಕ್ಷತೆ ಮದುಮಗನ ಕತ್ತಿಗೆ ಬಡಿದು, ಅವನು ದಾರ ಕೈಬಿಟ್ಟು ಬಗ್ಗಿಕೊಂಡ. “ಜೋರಾಗಿ ಬ್ಯಾಡ, ಮೇಲಕ್ಕೆ!” ಎಂದು ಟೀಚರ್ ತಿದ್ದಿದರು. ಎರಡನೆಯ ಸಲ ಸರಿಹೋಯಿತು. ಕಾಳುಗಳು ಮೇಲಕ್ಕೆ ಹೋಗಿ ಮಳೆಯಂತೆ ಇಳಿದವು. ಹುಡುಗಿಯರೆಲ್ಲ ಬಾಯ್ತುಂಬ ನಗುತ್ತಿದ್ದರು. ಕೊನೆಯ ಸಾಲಿನ ಒಬ್ಬಳಿಗೆ ಏನನ್ನಿಸಿತೋ, ಅಕ್ಷತೆ ಎಸೆದು ಸೆಲ್ಯೂಟ್ ಹೊಡೆದಳು. ನಗು ತಡೆಯಲಾರದೆ ಮದುಮಗಳ ಮೂಗು ಅರಳಿತ್ತು. ಫೋಟೊಗ್ರಾಫರ್ ಒಂದೇ ಒಂದು ಸಲ ಒತ್ತಿದ. ನಾನು ಆ ಕಡೆಗೇ ನೋಡುತ್ತಿದ್ದೆ.

ಅಕ್ಕ ಆ ಫೋಟೊವನ್ನು ದೊಡ್ಡದು ಮಾಡಿಸಿ ನಡುಮನೆಯ ಗೋಡೆಗೆ ಹಾಕಿದಳು. ಬಂದವರಿಗೆಲ್ಲ ಮದುವೆಗೆ ಗೈಡ್ಸ್ ದಳ ಯಾಕೆ ಬಂತೆಂದು ವಿವರಿಸಬೇಕಾದಾಗ ನನ್ನ ಕತೆಯೂ ಜೊತೆಗೇ ಹೋಗುತ್ತಿತ್ತು. ಹಾಗೆ ಅದು ಊರಿಗೆಲ್ಲ ಹರಡಿತು.

ಮಸ್ಕತ್ತಿಗೆ ಮರಳಿದ ಮೇಲೆ ಒಂದು ದಿನ ನನ್ನ ಕಂಪ್ಯೂಟರಿನಲ್ಲಿ ಮದುವೆಯ ಚಿತ್ರಗಳನ್ನು ನಮ್ಮ ಮೇಲಧಿಕಾರಿ ಕಂಡರು. ಒಂದೊಂದಾಗಿ ನೋಡುತ್ತ ಹೋದರು. ಬಾವನ ಚಿತ್ರ ಬಂದಾಗ ಕುರ್ಚಿ ಎಳೆದುಕೊಂಡು ಕೂತರು. “ವಾರದ ಪುರವಣಿಗೆ ಎರಡು ಪುಟ ಮಾಡೋಣ. ಮನೆಯವರನ್ನು ಕೇಳು” ಎಂದರು.

ಅಕ್ಕನಿಗೆ ಫೋನು ಮಾಡಿದೆ. “ಯಾವುವು? ತಾಳಿ ಇಲ್ದವಾ?” ಎಂದಳು. ಆಮೇಲೆ ಒಂದು ಷರತ್ತು ಹಾಕಿದಳು, ಕೊಂಡಜ್ಜಿಯ ಫೋಟೊವನ್ನೂ ಹಾಕಬೇಕು. “ಇಲ್ಲಾಂದ್ರೆ ಆ ದೇಶದೋರು ನನ್ ಮಗಳ ಮದ್ವಿನೇ ಆಗಿಲ್ಲ ಅನ್ಕಂತಾರೆ.” ಗೈಡ್ಸ್ ಟೀಚರನ್ನೂ ಸೇರಿಸಿ ಉಳಿದವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿ ಒಪ್ಪಿಸುತ್ತೇನೆಂದು ಅವಳೇ ಮುಂದಾದಳು. ಸಣ್ಣತ್ತೆ ತನ್ನ ವಾರಗಿತ್ತಿಗೆ ತೋರಿಸಬಾರದೆಂಬ ಮಾತಿನ ಮೇಲೆ ಒಪ್ಪಿದಳಂತೆ.

ಬಾವನನ್ನು ನಾನೇ ಕೇಳಬೇಕಿತ್ತು.

“ನಾನು ಹೆಂಗೆ ಕಾಣ್ತೀನಿ?” ಎಂದರು.

“ಚೆನ್ನಾಗಿ ಕಾಣ್ತೀರಿ ಬಾವ.”

“ಅದಲ್ಲ ನಾನು ಕೇಳಿದ್ದು.”

ನಾನು ಕಂಬ, ಬಿಸಿಲು, ಅಕ್ಷತೆ ಎಂದು ಸುತ್ತಿ ಬಳಸಿ ಹೇಳತೊಡಗಿದೆ. “ಕಳ್ಸು, ನೋಡಿ ಹೇಳ್ತೀನಿ” ಎಂದು ಫೋನಿಟ್ಟರು. ಕಳಿಸಿದೆ. ಎರಡು ದಿನ ಸುದ್ದಿಯಿಲ್ಲ. ಬೇಡವೆಂದೇ ತಿಳಿದು ಆ ಚಿತ್ರವನ್ನು ಪಟ್ಟಿಯಿಂದ ತೆಗೆದೆ. ಮೂರನೆಯ ದಿನ ಮೊಬೈಲಿಗೆ ಒಂದು ಸಂದೇಶ ಬಂತು. ಇಷ್ಟು ವರ್ಷಗಳಲ್ಲಿ ಬಾವ ನನಗೆ ಬರೆದ ಮೊದಲ ಸಂದೇಶ. ಒಂದೇ ಪದ: “ಹಾಕು.”

ಪುರವಣಿ ಅಚ್ಚಾಗುವ ಮುನ್ನ ಪುಟಗಳನ್ನು ನೋಡಿ ನಾನು ದಂಗಾದೆ. ಒಂದೂವರೆ ಪುಟದಷ್ಟು ದೊಡ್ಡದಾಗಿ ಕೊಂಡಜ್ಜಿಯ ಚಿತ್ರ! ಸೆಲ್ಯೂಟ್ ಹೊಡೆದ ಹುಡುಗಿಯ ಬೆರಳುಗಳನ್ನೂ ಎಣಿಸಬಹುದಿತ್ತು. ನನ್ನವೆಲ್ಲ ಉಳಿದ ಜಾಗದಲ್ಲಿ ಅಂಗೈಯಗಲ.

“ಈ ಫೋಟೊಗ್ರಾಫರ್ ಯಾರು?” ಎಂದು ಮೇಲಧಿಕಾರಿ ಕೇಳಿದರು. “ನೋಡು, ನಡೆಯುತ್ತಿರುವುದೂ ಇದೆ, ನೋಡುವವರೂ ಇದ್ದಾರೆ. ಎರಡೂ ಒಂದೇ ಚೌಕಟ್ಟಿನಲ್ಲಿ. ನೀನು ಯಾಕೆ ಹೀಗೆ ತೆಗೆಯುವುದಿಲ್ಲ?”

ಹನ್ನೊಂದು ವರ್ಷ ತಿರುಗಿ ನಿಲ್ಲು, ತಿರುಗಿ ನಿಲ್ಲು ಎಂದವರು ಅವರೇ. ಆದರೆ ಅವರೊಡನೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ನಿಜ ಹೇಳಬೇಕೆಂದರೆ ಆ ಫೋಟೊ ನನ್ನವಕ್ಕಿಂತ ಚೆನ್ನಾಗಿತ್ತು. ಒಪ್ಪಿಕೊಳ್ಳಲು ಒಂದು ವಾರ ಬೇಕಾಯಿತು, ಅಷ್ಟೆ. ದಾವಣಗೆರೆಯ ಫೋಟೊಗ್ರಾಫರನಿಗೆ ಹತ್ತು ಪ್ರತಿ ಕಳಿಸಿಕೊಟ್ಟೆ. 'ಅಂತರರಾಷ್ಟ್ರೀಯ ಖ್ಯಾತಿಯ' ಎಂಬ ಎರಡು ಪದ ತಿಂಗಳೊಳಗೆ ಅವನ ಸ್ಟುಡಿಯೋದ ಬೋರ್ಡಿನ ಮೇಲೆ ಸೇರಿದವು. ನನ್ನ ಹೆಸರಿನ ಹಿಂದೆ ಅಂಥದ್ದು ಯಾವತ್ತೂ ಸೇರಿಲ್ಲ.

ಮುಂದಿನ ರಜೆಗೆ ಬಂದಾಗ ಮೊದಲು ಹರಿಹರಕ್ಕೆ ಹೋದೆ. ಅಕ್ಕನ ಸಿಟ್ಟು ಇಳಿದಿತ್ತು. ನನ್ನನ್ನು ಕೂರಿಸಿ ಎರಡು ರೊಟ್ಟಿ ಹೆಚ್ಚೇ ಹಾಕಿದಳು. ಊಟ ಮುಗಿಸಿ ಅಂಗಡಿಗೆ ಹೋದೆ. ಗಲ್ಲಾದ ಹಿಂದಿನ ಗೋಡೆಯ ಮೇಲೆ, ಬಣ್ಣದ ಕಂಪನಿಯ ಕ್ಯಾಲೆಂಡರಿನ ಪಕ್ಕದಲ್ಲಿ, ಬಾವ ಪತ್ರಿಕೆಯ ಆ ಎರಡು ಪುಟಗಳನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ಪೈಪು ಕೊಳ್ಳಲು ಬಂದ ರೈತರೊಬ್ಬರು ಅದನ್ನೇ ಹತ್ತಿರದಿಂದ ನೋಡುತ್ತಿದ್ದರು.

“ಈ ಮೂಲ್ಯಾಗಿರೋರು ನೀವಲ್ಲೇನ್ರಿ?”

“ಹೂಂ” ಎಂದರು ಬಾವ.

“ಅಳ್ತಿದೀರಲ್ರಿ!”

“ಕಣ್ಣಾಗೆ ಅಕ್ಷತೆ ಬಿದ್ದಿತ್ತು. ಬೇಕಾದ್ರೆ ಕೇಳ್ರಿ, ತೆಗ್ದೋನು ಇವ್ನೇ.”

ಇಬ್ಬರೂ ನನ್ನ ಕಡೆ ನೋಡಿದರು.

“ಹೌದ್ರಿ” ಎಂದೆ. “ಅವತ್ತು ಬಹಳ ಜೋರಾಗಿ ಎಸ್ದಿದ್ರು.”

ರೈತರು ತಲೆಯಾಡಿಸಿ ಪೈಪು ಎತ್ತಿಕೊಂಡು ಹೋದರು. ಬಾವ ಕತ್ತಿನ ಟವೆಲಿನಿಂದ ಕಟ್ಟಿನ ಗಾಜಿನ ಮೇಲಿದ್ದ ಧೂಳು ಒರೆಸಿದರು, ಗಡಿಯಾರ ನೋಡಿದರು.

“ಸಂಜಿ ಬಸ್ಸಿಗೆ ಮಗಳು ಬರ್ತಾಳೆ. ಕ್ಯಾಮೆರಾ ತಂದೀಯೇನು?”

“ಇಲ್ಲ ಬಾವ. ದಾವಣಗೆರೆಯಾಗೆ ಬಿಟ್ಟು ಬಂದೀನಿ.”

“ಚಲೋ ಆತು” ಎಂದು ಬಾವ ಶಟರ್ ಎಳೆದರು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದೆವು.